ಮೋಟುಗಾಲಿನ ಬಟ್ಟಲು ಮತ್ತು ಬಿಲ್ಲಿನ ಪಂಕ್ತಿ

ಕಾಲು ಕಳೆದುಕೊಂಡವರಿಗೆ ಸರ್ಕಾರದವರು ಕಾಲು ಕೊಡಿಸುತ್ತಿರುವರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಕೊಟ್ಟ ಕಾಲು ಮನೆಯ ಮೂಲೆಯಲ್ಲಿ ಒರಗಿ ನಿಂತು, ಪಡೆದವನು ಮೊದಲಿನಂತೆಯೇ ಊರುಗೋಲು ಹಿಡಿದು ನಡೆಯುತ್ತಿದ್ದರೆ ಆ ಉಪಕಾರವನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯತಕ್ಕುದು? ವಿತರಣೆಯ ಪುಸ್ತಕದಲ್ಲಿ ಅದು ಆಗಲೇ ಬರೆದು ಮುಗಿದಿರುತ್ತದೆ. ನಡಿಗೆಯ ಪುಸ್ತಕವೆಂಬುದನ್ನು ಯಾವ ಇಲಾಖೆಯೂ ಇಟ್ಟಂತಿಲ್ಲ. ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲೂಕುಗಳ ಅಧಿಕಾರಿಗಳೂ ವಿದ್ಯಾವಂತರೂ ಒಂದು ಸಣ್ಣ ಪ್ರಶ್ನೆಯನ್ನು ಆಲೋಚಿಸಬೇಕೆಂದು ನಾವು ಇಂದು ಬಿನ್ನವಿಸುತ್ತೇವೆ. ಕೃತಕ ಕಾಲಿನ ಮೇಲ್ತುದಿಯಲ್ಲಿ ಮೋಟುಗಾಲು ಕುಳಿತುಕೊಳ್ಳುವ ಬಟ್ಟಲೊಂದಿರುವುದು. ಕೃತಕಾಂಗದ ಕೆಲಸದವರು ಅದನ್ನು ಸಾಕೆಟ್ಟೆಂದು ಕರೆಯುವರು. ಆ ಸಾಕೆಟ್ಟಿಗೆ ಬಿಲ್ಲಿನಲ್ಲಿ ತನ್ನದೇ ಆದ ಒಂದು ಪಂಕ್ತಿ ಇರಬೇಕೇ, ಅಥವಾ 'ಕೃತಕ ಕಾಲು, ಒಂದು' ಎಂದು ಬರೆದು ಕೈತೊಳೆದುಕೊಂಡರೆ ಸಾಕೇ ಎಂಬುದೇ ಆ ಪ್ರಶ್ನೆ.

ಇದು ಗುಮಾಸ್ತೆಗಳ ಜಗಳವೆಂದು ವಾಚಕರು ಪುಟ ಮಗುಚಬಾರದು. ಆ ಒಂದು ಪಂಕ್ತಿಯ ಮೇಲೆ ಬಡವನ ಮೊಣಕಾಲು ಉಳಿಯುವುದೂ ಹೋಗುವುದೂ ನಿಂತಿದೆ.

ಅಂಗ ಕಳೆದುಕೊಂಡವರ ವಿಚಾರದಲ್ಲಿ ಶ್ರೀರಂಗಪಟ್ಟಣದ ಹೆಸರು ಲೋಕದ ವೈದ್ಯಚರಿತ್ರೆಯಲ್ಲಿ ಒಮ್ಮೆ ಬಂದಿರುವುದನ್ನು ಬಲ್ಲವರು ಬಲ್ಲರು. 1792ರ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ಒಕ್ಕಲಿಗನು ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿ, ತನ್ನ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಆ ಸ್ಥಿತಿಯಲ್ಲಿಯೇ ಶ್ರೀರಂಗಪಟ್ಟಣದ ಸಮೀಪದಲ್ಲಿದ್ದ ಬೊಂಬಾಯಿಯ ದಂಡನ್ನು ಬಂದು ಸೇರಿದನು. ಆಮೇಲೆ ಕಂಪೆನಿಯ ಪಿಂಚಣಿದಾರನಾದನು. ವರ್ಷಕ್ಕೆ ಮಿಕ್ಕಿ ಮೂಗಿಲ್ಲದೆ ಇದ್ದವನಿಗೆ ಪುಣೆಯ ಬಳಿಯಲ್ಲಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಹಣೆಯ ಚರ್ಮದಿಂದಲೇ ಹೊಸ ಮೂಗನ್ನು ಮಾಡಿಕೊಟ್ಟನು. ಈ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಎಂಬ ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಅದರಿಂದ ಪ್ರೇರಿತನಾಗಿ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಅದೇ ಚಿಕಿತ್ಸೆಯನ್ನು ನಡೆಸಿದನು. ಟಿಪ್ಪುವಿನ ಹೆಸರು ಬಂದೊಡನೆ ಈಗ ಎರಡು ಪಕ್ಷಗಳವರೂ ತೋಳೇರಿಸುವುದು ವಾಡಿಕೆಯಾಗಿದೆ. ನಮಗೆ ಇಲ್ಲಿ ಆ ವಾಗ್ವಾದ ಬೇಕಿಲ್ಲ. ನಮಗೆ ಬೇಕಾದುದು ಆ ಇಟ್ಟಿಗೆಯವನ ಕೈಚಳಕದ ಮೊದಲ ಹೆಜ್ಜೆ ಮಾತ್ರ. ಅವನು ಕತ್ತಿ ಹಿಡಿಯುವುದಕ್ಕೆ ಮುಂಚೆ ತೆಳುವಾದ ಮೇಣದ ಹಾಳೆಯನ್ನು ಆ ಮನುಷ್ಯನ ಮುಖದ ಮೇಲೆಯೇ ಕೂರಿಸಿ, ಆ ಮುಖಕ್ಕೆ ಒಪ್ಪುವ ಮೂಗನ್ನು ಮೇಣದಲ್ಲಿ ತಿದ್ದಿ, ಬಳಿಕ ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲೆ ಹಾಸಿ, ಅದರ ಅಂಚಿನ ಗುಂಟ ಗೆರೆ ಎಳೆದನು. ಅಳತೆ ಮೊದಲು, ಚರ್ಮ ಆಮೇಲೆ. ಸಿದ್ಧವಾದ ಮೂಗುಗಳ ರಾಶಿಯಿಂದ ಒಂದನ್ನು ಆರಿಸಿ ಅಂಟಿಸಲಿಲ್ಲ. ಕಾವಸ್‌ಜಿಗೆ ಮೂಗು ಬಂತು. ಹೋದ ಕೈಯ ವಿಷಯದಲ್ಲಿ ಆ ವರದಿಯು ಮತ್ತೊಂದು ಮಾತನ್ನೂ ಆಡುವುದಿಲ್ಲ.

ಇನ್ನೂರು ವರ್ಷಗಳಾಚೆಗೆ ಕೈಕಾಲಿನ ಮಾತು ಸಾಧ್ಯವಾಗಿದೆ. ಅದರಲ್ಲಿ ಭಾರತೀಯರ ಪಾಲು ಅಲ್ಪವಲ್ಲ. ಪುಣೆಯಲ್ಲಿ 1944ರಲ್ಲಿ ಸೈನಿಕರಿಗಾಗಿ ಕೃತಕಾಂಗ ಕೇಂದ್ರವು ಹುಟ್ಟಿತು. ಜಯಪುರದಲ್ಲಿ 1968ರ ಸುಮಾರಿಗೆ ರಾಮಚಂದ್ರ ಶರ್ಮನೆಂಬ ಕುಶಲಶಿಲ್ಪಿಯೂ ಪ್ರಮೋದ ಕರಣ ಸೇಠಿಯವರೆಂಬ ಶಸ್ತ್ರವೈದ್ಯರೂ ಕೂಡಿ ರಬ್ಬರಿನ ಪಾದವೊಂದನ್ನು ನಿರ್ಮಿಸಿದರು. ವಿಲಾಯಿತಿಯ ಪಾದಕ್ಕೆ ಬೂಟು ಬೇಕು, ಕುರ್ಚಿ ಬೇಕು, ಒಣನೆಲ ಬೇಕು. ಜಯಪುರದ ಪಾದವಾದರೋ ಬರಿಗಾಲಿನಲ್ಲಿ ನಡೆಯುವವನಿಗೆ, ಕುಕ್ಕರುಗಾಲಿನಲ್ಲಿ ಕೂರುವವನಿಗೆ, ಕೆಸರುಗದ್ದೆಗೆ ಇಳಿಯುವವನಿಗೆ ಒಗ್ಗುವಂಥದು. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ನಾಟಿ ಹಾಕುವ ನಮ್ಮ ರೈತನಿಗೆ ಇದಕ್ಕಿಂತ ಹೊಂದುವ ಪಾದವುಂಟೇ? 1975ರಲ್ಲಿ ಸ್ಥಾಪಿತವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು ಈ ಪಾದವನ್ನು ದೇಶದ ಆಚೆಗೂ ಕೊಂಡೊಯ್ದಿತು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಉಳಿ ಹಿಡಿದ ಶರ್ಮನ ಹೆಸರನ್ನು ನೆನೆಯುವವರು ಮಾತ್ರ ಕಡಮೆ. ನಮ್ಮ ದೇಶದಲ್ಲಿ ಇದು ಹೊಸ ಮಾತಲ್ಲ.

ಇಷ್ಟಾದರೂ ಪಾದವೇ ಬೇರೆ, ಸಾಕೆಟ್ಟೇ ಬೇರೆ. ಈ ಭೇದವನ್ನು ಗ್ರಹಿಸದಿದ್ದರೆ ಮುಂದಿನ ಚರ್ಚೆಯು ವ್ಯರ್ಥ. ಪಾದವನ್ನು ಅಚ್ಚಿನಲ್ಲಿ ಹಾಕಿ ಸಾವಿರಗಟ್ಟಲೆ ಮಾಡಬಹುದು. ಅಳತೆಯ ಅಂಕಿ ನೋಡಿ, ಎಡವೋ ಬಲವೋ ಎಂದು ವಿಚಾರಿಸಿ ಕಪಾಟಿನಿಂದ ತೆಗೆದುಕೊಡಬಹುದು. ಸಾಕೆಟ್ಟನ್ನು ಹಾಗೆ ಮಾಡಲಾಗದು. ಮೊಣಕಾಲಿನ ಕೆಳಗೆ ಕತ್ತರಿಸಿದ ಒಂದೊಂದು ಮೋಟೂ ಒಂದೊಂದು ಬಗೆಯದು. ಒಂದು ಗೂಟದಂತೆ ಚೂಪು, ಒಂದು ಗುಂಡು; ಒಂದರಲ್ಲಿ ಮೂಳೆಯ ಅಂಚು ಚರ್ಮದಡಿಯಲ್ಲಿಯೇ ತಗುಲುವುದು, ಇನ್ನೊಂದರಲ್ಲಿ ಹೊಲಿಗೆಯ ಗಾಯದ ಕಲೆ ಅಡ್ಡಡ್ಡ ಎಳೆದಿರುವುದು. ಆದುದರಿಂದ ಕೆಲಸಗಾರನು ಪ್ಲಾಸ್ಟರಿನ ಪಟ್ಟಿಯನ್ನು ನೀರಿನಲ್ಲಿ ನೆನೆಸಿ ಮೋಟಿಗೆ ಸುತ್ತಿ, ಅದು ಗಟ್ಟಿಯಾದ ಮೇಲೆ ಚಿಪ್ಪಿನಂತೆ ಕಳಚಿ, ಆ ಚಿಪ್ಪಿನೊಳಗೆ ಪ್ಲಾಸ್ಟರನ್ನು ಹೊಯ್ದು ಮೋಟಿನ ಪ್ರತಿರೂಪವನ್ನು ಪಡೆಯುವನು. ವಿದ್ಯೆಯೆಲ್ಲ ಇರುವುದು ಇದರ ಮುಂದೆ. ಮಂಡಿಚಿಪ್ಪಿನ ಕೆಳಗಣ ಸ್ನಾಯುರಜ್ಜು ಭಾರವನ್ನು ತಾಳಬಲ್ಲದು. ಆದ್ದರಿಂದ ಅಲ್ಲಿ ಪ್ರತಿರೂಪವನ್ನು ಕೆತ್ತಿ ತಗ್ಗುಮಾಡುವನು. ಮುಂಗಾಲಿನ ಮೂಳೆಯ ಏಣೂ ಹೊರಬದಿಯ ಸಣ್ಣಮೂಳೆಯ ತಲೆಯೂ ಭಾರ ತಾಳಲಾರವು. ಅಲ್ಲಿ ಪ್ಲಾಸ್ಟರನ್ನು ಹಚ್ಚಿ ಉಬ್ಬಿಸುವನು. ಕಾದ ಪ್ಲಾಸ್ಟಿಕ್ಕನ್ನು ಅದರ ಮೇಲೆ ಹೊದೆಸಿದಾಗ ತಗ್ಗಾದಲ್ಲಿ ಸಾಕೆಟ್ಟು ಒತ್ತುವುದು, ಉಬ್ಬಾದಲ್ಲಿ ಬಿಡುವು ಕೊಡುವುದು. ಅಮೆರಿಕದ ಬರ್ಕ್ಲಿಯಲ್ಲಿ 1950ರ ದಶಕದ ಕೊನೆಯಲ್ಲಿ ಶಾಸ್ತ್ರರೂಪ ಪಡೆದ ಈ ಕ್ರಮವೇ ಇಂದಿಗೂ ಮೂಲಾಧಾರ. ಜಯಪುರದವರು ಪ್ಲಾಸ್ಟಿಕ್ಕಿಗಾಗಿ ಆರಿಸಿಕೊಂಡುದು ತೋಟಕ್ಕೆ ನೀರು ಹಾಯಿಸುವ ಎಚ್.ಡಿ.ಪಿ.ಇ. ಪೈಪಿನ ಜಾತಿಯನ್ನು, ಎಂದರೆ ನಮ್ಮ ಕಬ್ಬಿನ ಗದ್ದೆಯ ಬದುವಿನಲ್ಲಿ ಬಿದ್ದಿರುವ ಕರಿಯ ಪೈಪಿನ ದಾಯಾದಿಯನ್ನು. ಪೈಪಿಗೆ ಬೆಲೆ ಎಷ್ಟು? ಬೆರಳಿನ ವಿವೇಕಕ್ಕೆ ಬೆಲೆ ಎಷ್ಟು? ಬಿಲ್ಲು ಬರೆಯುವವನ ಕಷ್ಟವು ಇಲ್ಲಿಂದಲೇ ಪ್ರಾರಂಭ.

ಇನ್ನೊಂದು ಸಂಗತಿಯುಂಟು. ಮೋಟು ನಿಂತ ನೀರಲ್ಲ. ಶಸ್ತ್ರಕ್ರಿಯೆಯಾದ ಮೊದಲ ಒಂದು ಒಂದೂವರೆ ವರ್ಷದಲ್ಲಿ ಅದು ಬಾವಿಳಿದು, ಮಾಂಸ ಕರಗಿ, ಗಣನೀಯವಾಗಿ ಸಣ್ಣದಾಗುವುದು. ಮೊದಲ ದಿನ ಬಿಗಿಯಾಗಿದ್ದ ಸಾಕೆಟ್ಟಿನಲ್ಲಿ ಕೆಲವು ತಿಂಗಳ ಮೇಲೆ ಮೋಟು ಗಡಿಗೆಯೊಳಗಣ ಸೌಟಿನಂತೆ ಆಡತೊಡಗುವುದು. ಕಾಲ್ಚೀಲದ ಮೇಲೆ ಕಾಲ್ಚೀಲ ಹಾಕಿ ಕೆಲವು ದಿನ ತಳ್ಳಬಹುದು. ಆಮೇಲೆ ಹೊಸ ಸಾಕೆಟ್ಟೇ ಗತಿ. ಪಾದವೂ ಕೊಳವೆಯೂ ಇನ್ನೂ ನಾಲ್ಕಾರು ವರ್ಷ ಬಾಳುವಷ್ಟು ಚೆನ್ನಾಗಿರುವಾಗಲೇ ಸಾಕೆಟ್ಟು ಮಾತ್ರ ಕೆಲಸಕ್ಕೆ ಬಾರದಂತಾಗುವುದು. ಸಡಿಲವಾದ ಸಾಕೆಟ್ಟಿನಲ್ಲಿ ಹಟಮಾಡಿ ನಡೆದವನಿಗೆ ಚರ್ಮ ಉಜ್ಜಿ ಹುಣ್ಣಾಗುವುದು. ಸಕ್ಕರೆರೋಗದಿಂದ ಕಾಲು ಕಳೆದುಕೊಂಡವನಿಗಂತೂ ಮೋಟಿನಲ್ಲಿ ಸ್ಪರ್ಶವೇ ಮಂದವಾದುದರಿಂದ ಹುಣ್ಣಾದುದೂ ತಿಳಿಯದು. ತಿಳಿಯುವ ಹೊತ್ತಿಗೆ ಕೊಳೆತವು ಮೇಲೇರಿ, ಮೊಣಕಾಲಿನ ಕೆಳಗೆ ಕತ್ತರಿಸಿದ್ದವನಿಗೆ ಮೊಣಕಾಲಿನ ಮೇಲೆ ಕತ್ತರಿಸಬೇಕಾಗಿ ಬರಬಹುದು. ಮೊಣಕಾಲು ಉಳಿದವನು ಗದ್ದೆಯ ಬದುವಿನ ಮೇಲೆ ನಡೆಯಬಲ್ಲನು. ಅದೂ ಹೋದವನು ಬಹುಮಟ್ಟಿಗೆ ಜಗಲಿಗೆ ಬೀಳುವನು. ಒಂದು ಬಟ್ಟಲಿನ ಸಡಿಲಿಗೆ ತೆರುವ ಬೆಲೆ ಇದು.

ನಮ್ಮ ನಾಲ್ಕು ತಾಲೂಕುಗಳಲ್ಲಿ ಇಂಥವರು ಯಾರು ಎಂದು ಕೇಳುವವರಿಗೆ ದೂರ ಹೋಗಬೇಕಾದುದಿಲ್ಲ. ಬೆಂಗಳೂರು ಮೈಸೂರು ಹೆದ್ದಾರಿಯು 2023ರ ಮಾರ್ಚಿಯಲ್ಲಿ ವಿಧ್ಯುಕ್ತವಾಗಿ ತೆರೆಯಿತು. ಅಪಘಾತಗಳ ಕೂಗು ಎಷ್ಟಾಯಿತೆಂದರೆ ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ಬೈಕು ಆಟೋಗಳನ್ನೂ ಟ್ರ್ಯಾಕ್ಟರುಗಳನ್ನೂ ನಿಷೇಧಿಸಬೇಕಾಯಿತು. ಪಾಂಡವಪುರದ ಸುತ್ತಲಿನ ಆಲೆಮನೆಗಳಲ್ಲಿ ಕಬ್ಬನ್ನು ಗಾಣಕ್ಕೆ ಒಡ್ಡುವ ಕೈಯಿಗೂ ಗಾಣದ ಉರುಳೆಗೂ ನಡುವೆ ಇರುವ ಅಂತರವನ್ನು ಕಂಡವರೆಲ್ಲ ಬಲ್ಲರು. ಸಕ್ಕರೆ ಕಾರ್ಖಾನೆಯ ವಿಮೆಗೆ ಒಳಪಟ್ಟ ಕಾರ್ಮಿಕನಿಗಾದರೆ ಇ.ಎಸ್.ಐ. ಮೂಲಕ ಕೃತಕಾಂಗ ದೊರೆಯುವ ಹಕ್ಕುಂಟು. ಹೊರಜಿಲ್ಲೆಯಿಂದ ಬಂದು ಆಲೆಮನೆಯ ಶೆಡ್ಡಿನಲ್ಲಿಯೇ ಮಲಗುವ ಕೂಲಿಯವನಿಗೆ ಆ ಚೀಟಿ ಎಲ್ಲಿಯದು? ಸಕ್ಕರೆಯ ನಾಡಿನಲ್ಲಿ ಸಕ್ಕರೆರೋಗದವರ ಪಾಡನ್ನು ಬೇರೆ ಹೇಳಬೇಕಾದುದಿಲ್ಲ.

ಇನ್ನು ಬಿಲ್ಲಿಗೆ ಬರೋಣ. ಸಾಕೆಟ್ಟು ಸರಕೋ ಸೇವೆಯೋ? ಸರಕು ಮತ್ತು ಸೇವಾ ತೆರಿಗೆಯು 2017ರ ಜುಲೈ 1ರಂದು ಜಾರಿಗೆ ಬಂದಾಗ ಈ ಪ್ರಶ್ನೆಯು ಹಣದ ಪ್ರಶ್ನೆಯಾಯಿತು. ತೆರಿಗೆಯ ಪಟ್ಟಿಯಲ್ಲಿ 9021 ಎಂಬ ಶಿರೋನಾಮೆಯುಂಟು. ಊರುಗೋಲು, ಮುರಿದ ಮೂಳೆಗೆ ಕಟ್ಟುವ ದಬ್ಬೆ, ಕಟ್ಟಿಸಿಕೊಳ್ಳುವ ಹಲ್ಲು, ಕೃತಕ ಕಣ್ಣು, ಕೃತಕ ಕಾಲು ಎಲ್ಲವೂ ಅದರ ಸಂಸಾರ. ಈ ಸಂಸಾರದಲ್ಲಿ ಕೆಲವಕ್ಕೆ ಶೇಕಡ 5, ದೇಹದ ಕೃತಕಭಾಗಗಳಿಗೆ ಶೇಕಡ 12 ಎಂದು ಒಂದು ಕಡೆ. ವಿಕಲಚೇತನರ ಸಾಧನಗಳ ಪ್ರತ್ಯೇಕ ಪಟ್ಟಿಯಲ್ಲಿ ಅದೇ ಶಿರೋನಾಮೆಯ ಅಂಗಸಾಧನಗಳಿಗೆ ಶೇಕಡ 5 ಎಂದು ಇನ್ನೊಂದು ಕಡೆ. ಕೃತಕ ಕಾಲಿನ ಬಿಡಿಭಾಗಗಳಿಗೆ ಮತ್ತೆ ಶೇಕಡ 5. ಒಂದೇ ಕಾಲು ಎರಡು ಕಪಾಟಿನಲ್ಲಿ ಕಾಣಿಸಿಕೊಂಡರೆ ವರ್ತಕನು ಯಾವುದನ್ನು ನಂಬಬೇಕು? ಐದು ವರ್ಷ ಈ ಗೊಂದಲ ನಡೆಯಿತು. 2022ರ ಜೂನಿನಲ್ಲಿ ಚಂಡೀಗಢದಲ್ಲಿ ಸೇರಿದ ತೆರಿಗೆ ಮಂಡಳಿಯ 47ನೆಯ ಸಭೆಯು ಕೃತಕಾಂಗಗಳ ದರವನ್ನು 12ರಿಂದ 5ಕ್ಕೆ ಇಳಿಸಿತು; ಜುಲೈ 18ರಿಂದ ಅದು ಜಾರಿಗೆ ಬಂತು. ಆ ನಿರ್ಣಯವನ್ನು ನಾವು ಮನಸಾರೆ ಶ್ಲಾಘಿಸುತ್ತೇವೆ. ಕುಂಟನ ಕಾಲಿಗೆ ಕಂದಾಯವೇಕೆ, ಪೂರ್ತಿ ತೆಗೆದುಹಾಕಬಾರದೇ ಎನ್ನುವವರಿದ್ದಾರೆ. ಕಿವುಡರ ಶ್ರವಣಸಾಧನಕ್ಕೆ ತೆರಿಗೆ ಇಲ್ಲದಿರುವಾಗ ಈ ವಾದಕ್ಕೆ ಬಲವಿಲ್ಲವೆನ್ನಲಾಗದು. ಆದರೆ ಇಲ್ಲಿಯೂ ಒಂದು ಸೂಕ್ಷ್ಮವುಂಟು: ಸಾಕೆಟ್ಟಿಗೆ ಬೇಕಾದ ರಾಳಕ್ಕೂ ಪ್ಲಾಸ್ಟಿಕ್ ಹಾಳೆಗೂ ಶೇಕಡ 18 ತೆರಬೇಕಾಗಿರುವುದು. ಮಾರುವ ಕಾಲಿಗೆ ತೆರಿಗೆಯೇ ಇಲ್ಲವೆಂದಾದರೆ ಕೊಂಡ ಸಾಮಗ್ರಿಗೆ ತೆತ್ತ ತೆರಿಗೆಯನ್ನು ಕಾರ್ಯಾಗಾರದವನು ಹಿಂದಕ್ಕೆ ಪಡೆಯಲಾರನು. ಅದನ್ನು ಗುಟ್ಟಾಗಿ ಬೆಲೆಯೊಳಗೆ ಸೇರಿಸುವನು. ಮುಂಬಾಗಿಲಿನಿಂದ ಓಡಿಸಿದ ತೆರಿಗೆಯು ಹಿತ್ತಿಲ ಬಾಗಿಲಿನಿಂದ ಒಳಗೆ ಬರುವ ಬಗೆ ಇದು.

ದರದ ಪ್ರಶ್ನೆ ಮುಗಿದರೂ ಸರಕೋ ಸೇವೆಯೋ ಎಂಬ ಮೂಲಪ್ರಶ್ನೆ ಮುಗಿದಿಲ್ಲ. ಆಸ್ಪತ್ರೆಗಳೂ ವೈದ್ಯರೂ ಅವರ ಸಹಾಯಕವರ್ಗದವರೂ ಮಾಡುವ ಚಿಕಿತ್ಸಾಸೇವೆಗೆ ತೆರಿಗೆ ಇಲ್ಲ. ಆಸ್ಪತ್ರೆಯಲ್ಲಿ ಮಲಗಿರುವ ರೋಗಿಗೆ ಹಾಕಿದ ಕೀಲು ಆ ಸೇವೆಯೊಳಗೇ ಕರಗಿಹೋಗುವುದು. ಕೃತಕ ಕಾಲಾದರೋ ಗಾಯ ಮಾಯ್ದು, ರೋಗಿಯು ಮನೆಗೆ ಹೋಗಿ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕೂಡಿಸತಕ್ಕ ವಸ್ತು. ಆಗ ಅವನು ರೋಗಿಯಲ್ಲ, ಗಿರಾಕಿ. ಪ್ಲಾಸ್ಟರು ಸುತ್ತಿದ್ದು, ಕೆತ್ತಿದ್ದು, ಎರಡು ಸಲ ತೊಡಿಸಿ ನೋಡಿದ್ದು, ನಡೆಸಿ ತಿದ್ದಿದ್ದು ಇವೆಲ್ಲ ಸರಕಿನ ಬೆಲೆಯೊಳಗೆ ಅಡಗಿ, ಬಿಲ್ಲಿನಲ್ಲಿ ಒಂದೇ ಪಂಕ್ತಿಯಾಗಿ ಬೀಳುವುವು. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದ ವಿಷಯವೂ ಇದಕ್ಕೆ ಸಮೀಪ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಶ್ವಾಸನೆ ಕೊಡುವ ಈ ಯೋಜನೆಯು ಪ್ರಧಾನವಾಗಿ ಒಳರೋಗಿಯ ಚಿಕಿತ್ಸೆಗೆ ಏರ್ಪಟ್ಟದ್ದು. ಕತ್ತರಿಸುವುದು ಒಳರೋಗಿಯ ಕಾರ್ಯ. ಕೂಡಿಸುವುದು ಹೊರಗಿನವನ ಕಾರ್ಯ.

ಹೀಗಾಗಿ ಬಡವನು ಆಶ್ರಯಿಸಬೇಕಾದುದು ಕೇಂದ್ರಸರ್ಕಾರವು 1981ರಿಂದ ನಡೆಸುತ್ತಿರುವ ಎ.ಡಿ.ಐ.ಪಿ. ಯೋಜನೆಯನ್ನು. ಅಂಗಸಾಧನಗಳನ್ನು ಕೊಳ್ಳಲು ಕೊಡುವ ನೆರವಿದು. ಕಾನಪುರದಲ್ಲಿ 1972ರಲ್ಲಿ ಸ್ಥಾಪಿತವಾದ ಅಲಿಮ್ಕೊ ಎಂಬ ಸರ್ಕಾರಿ ಸಂಸ್ಥೆಯು ಇದರ ಬಲಗೈ. ಅದರ ಶಾಖೆಯೊಂದು ಬೆಂಗಳೂರಿನಲ್ಲಿಯೂ ಉಂಟು. ಮಾಸಿಕ ವರಮಾನ 22,500 ರೂಪಾಯಿಯವರೆಗಿನವರಿಗೆ ಪೂರ್ಣ ನೆರವು, 30,000ದವರೆಗಿನವರಿಗೆ ಅರ್ಧ. ಉದಾರವಾದ ಏರ್ಪಾಡೇ. ಆದರೆ ಅದರಲ್ಲಿ ಒಂದು ನಿಬಂಧನೆಯುಂಟು: ಅದೇ ಉದ್ದೇಶಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಸರ್ಕಾರದಿಂದ ನೆರವು ಪಡೆದಿರಬಾರದು. ಬೆಳೆಯುವ ಮಕ್ಕಳಿಗೆ ಮಾತ್ರ ಈ ಅವಧಿಯು ಒಂದು ವರ್ಷ. ಈ 'ಅದೇ ಉದ್ದೇಶ' ಎಂಬ ಎರಡು ಮಾತುಗಳನ್ನು ಅಧಿಕಾರಿಗಳು ಹೇಗೆ ಓದುವರು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕೃಷ್ಣರಾಜಪೇಟೆ ತಾಲೂಕಿನ ಒಬ್ಬ ಸಣ್ಣ ಹಿಡುವಳಿಯ ರೈತನನ್ನು ಭಾವಿಸಿರಿ. ಶಿಬಿರವೊಂದರಲ್ಲಿ ಅಳತೆ ಕೊಟ್ಟನು. ಮತ್ತೊಂದು ಶಿಬಿರದಲ್ಲಿ, ಗಣ್ಯರ ಸಮ್ಮುಖದಲ್ಲಿ, ಫೋಟೋ ತೆಗೆಸಿಕೊಂಡು ಕಾಲು ಪಡೆದನು. ಎಂಟು ತಿಂಗಳಲ್ಲಿ ಮೋಟು ಸಣ್ಣದಾಗಿ ಸಾಕೆಟ್ಟು ಸಡಿಲಾಯಿತು. ಅವನ ಹೆಸರಿನ ಮುಂದೆ 'ಕೃತಕ ಕಾಲು, ಒಂದು' ಎಂದು ಬರೆದಿದೆ. ಹೊಸ ಸಾಕೆಟ್ಟಿಗೆ ಅರ್ಜಿ ಹಾಕಿದರೆ, ಕಾಲು ಕೊಟ್ಟಾಗಿದೆ, ಮೂರು ವರ್ಷ ಕಳೆದ ಮೇಲೆ ಬಾ ಎಂದು ಗುಮಾಸ್ತೆಯು ಹೇಳಿದರೆ ಅವನನ್ನು ಹಳಿಯುವುದು ಹೇಗೆ? ಅವನ ಮುಂದಿರುವ ಕಾಗದದಲ್ಲಿ ಸಾಕೆಟ್ಟೆಂಬ ಪದವೇ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆಯನ್ನು ಇಲ್ಲಿ ಹೇಳುವವರಿಗೆ ನಾವು ಹೇಳುವುದಿಷ್ಟು: ಪೂಜಾರಿಯ ತಪ್ಪಲ್ಲ, ವರವನ್ನು ಬರೆದುಕೊಟ್ಟ ಓಲೆಯಲ್ಲಿಯೇ ಅಕ್ಷರವೊಂದು ಬಿಟ್ಟುಹೋಗಿದೆ.

ನಮ್ಮ ಕಾನೂನಿಗೆ ಮೋಟಿನ ಅಳತೆಯೇ ತಿಳಿಯದೆಂದರೆ ಅದು ಸುಳ್ಳು. 1923ರ ಕಾರ್ಮಿಕ ಪರಿಹಾರ ಕಾನೂನಿನ ಅನುಬಂಧವನ್ನು ತೆರೆದು ನೋಡಬಹುದು. ಮೊಣಕಾಲಿನ ಕೆಳಗೆ ಉಳಿದ ಮೋಟು 8.89 ಸೆಂಟಿಮೀಟರಿಗಿಂತ ಉದ್ದವೋ, 12.70ಕ್ಕಿಂತ ಉದ್ದವೋ ಎಂದು ದಶಾಂಶದ ಎರಡು ಸ್ಥಾನಗಳವರೆಗೆ ಅಲ್ಲಿ ವಿಚಾರಿಸಿದೆ. ಹಳೆಯ ಮೂರೂವರೆ ಅಂಗುಲ, ಐದು ಅಂಗುಲಗಳನ್ನು ಮೆಟ್ರಿಕ್ ಮಾನಕ್ಕೆ ತಿರುಗಿಸಿದ ಫಲ ಅದು. ಕಳೆದುಹೋದ ಕಾಲಿನ ಬೆಲೆ ಕಟ್ಟುವಾಗ ಇಷ್ಟು ಸೂಕ್ಷ್ಮವಾಗಿ ಅಳೆಯುವ ಶಾಸನಬುದ್ಧಿಯು, ಉಳಿದ ಕಾಲಿಗೆ ಬಟ್ಟಲು ಮಾಡಿಕೊಡುವಾಗ 'ಕಾಲು, ಒಂದು' ಎಂದು ಬರೆದು ತೃಪ್ತವಾಗುವುದು ಸೋಜಿಗ.

ಅಮೆರಿಕದವರ ಪದ್ಧತಿಯನ್ನು ಇಲ್ಲಿ ಹೋಲಿಸಿ ನೋಡಬಹುದು. ಅಲ್ಲಿನ ಸರ್ಕಾರದ ವೃದ್ಧರ ವೈದ್ಯವಿಮೆಯಾದ ಮೆಡಿಕೇರಿನಲ್ಲಿ ಕೃತಕಾಂಗದ ಒಂದೊಂದು ಭಾಗಕ್ಕೂ 'ಎಲ್' ಅಕ್ಷರದಿಂದ ಮೊದಲಾಗುವ ಒಂದೊಂದು ಸಂಖ್ಯೆಯುಂಟು. ಮೊಣಕಾಲಿನ ಕೆಳಗಣ ಕಾಲಿಗೆ, ಆ ರೋಗಿಯ ಮೋಟಿನ ಪ್ರತಿರೂಪದ ಮೇಲೆಯೇ ಮಾಡಿದ ಬದಲಿ ಸಾಕೆಟ್ಟಿಗೆ ಎಲ್ 5700 ಎಂಬ ಸಂಖ್ಯೆ. ಮೊಣಕಾಲಿನ ಮೇಲಣದಕ್ಕೆ ಎಲ್ 5701. ಪೂರ್ತಿ ಕಾಲನ್ನು ಕೇಳದೆ ಸಾಕೆಟ್ಟನ್ನು ಮಾತ್ರ ಕೇಳಲು ಅಲ್ಲಿ ದಾರಿಯಿದೆ. ಕೊಟ್ಟ ದಿನದಿಂದ 90 ದಿನಗಳ ಒಳಗಿನ ಸಾಧಾರಣ ತಿದ್ದುಪಡಿಗೆ ಪ್ರತ್ಯೇಕ ಹಣವನ್ನು ಕೇಳುವಂತಿಲ್ಲ, ಅದು ಮೊದಲ ಬೆಲೆಯಲ್ಲಿಯೇ ಸೇರಿದ್ದು. ಮೋಟಿನ ಆಕಾರವೇ ಬದಲಾಗಿ ತಿದ್ದಬೇಕಾದರೆ ಮಾತ್ರ ಅದು ಬೇರೆಯ ಲೆಕ್ಕ. ಈ ಕೊನೆಯ ವಿವೇಚನೆಯು ನಮಗೆ ಬಹಳ ಹಿಡಿಸಿತು. ಕೆಲಸಗಾರನ ಕೊರತೆ ಯಾವುದು, ಶರೀರಧರ್ಮ ಯಾವುದು ಎಂಬುದನ್ನು ಅದು ಬೇರೆಮಾಡಿ ನೋಡುತ್ತದೆ.

ಪಂಕ್ತಿಗಳನ್ನು ಹೆಚ್ಚಿಸಿದರೆ ಮೋಸವೂ ಹೆಚ್ಚುವುದೆಂದು ಲೆಕ್ಕಪತ್ರದ ಅಧಿಕಾರಿಗಳು ಹೇಳುವರು. ಈ ಭಯವು ನಿರಾಧಾರವಲ್ಲ. ಅಮೆರಿಕದಲ್ಲಿಯೇ ಆರೋಗ್ಯ ಇಲಾಖೆಯ ತಪಾಸಣಾಧಿಕಾರಿಗಳು 2011ರಲ್ಲಿ ಕೃತಕ ಕಾಲುಗಳ ಬಿಲ್ಲುಗಳನ್ನು ಜಾಲಾಡಿ, ಸಂದೇಹಾಸ್ಪದವಾದವು ಅನೇಕವಿರುವುವೆಂದು ವರದಿ ಒಪ್ಪಿಸಿದರು. ಒಂದು ಕಾಲನ್ನು ಇಪ್ಪತ್ತು ಸಂಖ್ಯೆಗಳಾಗಿ ಒಡೆದರೆ ಎಲ್ಲೋ ಒಂದು ಸಂಖ್ಯೆಯಲ್ಲಿ ಕಳ್ಳನು ಅಡಗುವುದು ಸಹಜ. ಆ ಸಂಖ್ಯಾರಣ್ಯವನ್ನು ಇಲ್ಲಿಗೆ ತಂದು ನೆಡಿರೆಂದು ನಾವು ಹೇಳುವುದಿಲ್ಲ. ನಮಗೆ ಮೂರು ಪಂಕ್ತಿಗಳು ಸಾಕು: ಪಾದ, ಕೊಳವೆ ಮೊದಲಾದ ಸಿದ್ಧಭಾಗಗಳು, ಅಳತೆಗೆ ಮಾಡಿದ ಸಾಕೆಟ್ಟು, ತೊಡಿಸಿ ತಿದ್ದಿದ ಭೇಟಿಗಳು, ಅವುಗಳ ತಾರೀಖಿನೊಂದಿಗೆ. ಇಷ್ಟರಲ್ಲಿ ಕಳ್ಳನಿಗೆ ಅಡಗುವ ಜಾಗವಿಲ್ಲ. ನಿಜ ಹೇಳುವುದಾದರೆ, ಈಗಿರುವ ಒಂದೇ ಪಂಕ್ತಿಯ ಬಿಲ್ಲಿನಲ್ಲಿಯೇ ಅವನಿಗೆ ಹೆಚ್ಚು ಅವಕಾಶ. ಅಳತೆಯೇ ತೆಗೆಯದೆ ಹಳೆಯ ಅಚ್ಚಿನಲ್ಲಿ ಎಳೆದ ಸಾಕೆಟ್ಟಿಗೂ ಮೂರು ಸಲ ತಿದ್ದಿದ ಸಾಕೆಟ್ಟಿಗೂ ಅಲ್ಲಿ ಒಂದೇ ಬೆಲೆ.

ಈ ವಿಭಾಗದಿಂದ ನ್ಯಾಯಾಲಯಗಳಲ್ಲಿಯೂ ಪ್ರಯೋಜನವುಂಟು. 2022ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಉತ್ತರಪ್ರದೇಶದ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸಿನ ಅಪಘಾತಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ಕಾಲು ಕಳೆದುಕೊಂಡವನಿಗೆ ಒಂದು ಕೃತಕ ಕಾಲಿನ ಬೆಲೆಯನ್ನು ಕೊಟ್ಟರೆ ಸಾಲದು, ಅದು ಸವೆದು ಬದಲಾಯಿಸಬೇಕಾದಾಗಿನ ವೆಚ್ಚವನ್ನೂ ದುರಸ್ತಿಯ ವೆಚ್ಚವನ್ನೂ ಪರಿಹಾರದಲ್ಲಿ ಸೇರಿಸತಕ್ಕದ್ದೆಂದು ನಿರ್ಣಯಿಸಿತು. ಹೆದ್ದಾರಿಯು ಹಾದುಹೋಗುವ ನಮ್ಮ ಜಿಲ್ಲೆಯ ವಕೀಲರು ಇದನ್ನು ಮನನಮಾಡುವುದು ಒಳ್ಳೆಯದು. ಆದರೆ ಮುಂದಿನ ವೆಚ್ಚವನ್ನು ನ್ಯಾಯಮಂಡಳಿಯ ಮುಂದೆ ರುಜುವಾತು ಮಾಡುವುದು ಹೇಗೆ? ಒಂದೇ ಪಂಕ್ತಿಯ ಬಿಲ್ಲನ್ನು ಹಾಜರುಪಡಿಸಿದರೆ ಇನ್ಷೂರೆನ್ಸ್ ಕಂಪೆನಿಯ ವಕೀಲನು, ಒಂದು ಸಲ ಕೊಂಡಾಯಿತಲ್ಲವೇ ಎಂದು ಕೇಳುವನು. ಸಾಕೆಟ್ಟಿನ ಬೆಲೆ ಇಷ್ಟು, ಎಂಟು ತಿಂಗಳ ಮೇಲೆ ಬದಲಾಯಿಸಿದ್ದು ಇಂಥ ದಿನ ಎಂದು ಬಿಲ್ಲೇ ಹೇಳಿದರೆ, ಗಾಯಾಳುವಿನ ಸಾಕ್ಷಿಗೆ ಮತ್ತೊಬ್ಬ ಸಾಕ್ಷಿ ದೊರೆತಂತೆ.

ಇದೆಲ್ಲ ದಿಲ್ಲಿಯಲ್ಲಿ ನಿಶ್ಚಯವಾಗತಕ್ಕ ವಿಷಯವಲ್ಲವೇ, ನಾಲ್ಕು ತಾಲೂಕುಗಳವರು ಮಾಡುವುದೇನಿದೆ ಎಂಬ ಉದಾಸೀನವನ್ನು ನಾವು ಒಪ್ಪಲಾರೆವು. 2016ರ ವಿಕಲಚೇತನರ ಹಕ್ಕುಗಳ ಕಾನೂನಿನ 24ನೆಯ ಪ್ರಕರಣವು ಅಂಗಸಾಧನಗಳ ಹೊಣೆಯನ್ನು ಸಂಬಂಧಪಟ್ಟ ಸರ್ಕಾರದ ಮೇಲೆ ಹೊರಿಸಿರುವುದು. ರಾಜ್ಯಸರ್ಕಾರವು ಅದರಿಂದ ಹೊರತಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮಪಂಚಾಯತಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂದೂ ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೆಂದೂ ಅಲ್ಪ ಗೌರವಧನದ ಮೇಲೆ ದುಡಿಯುವ ಜನರಿದ್ದಾರೆ. ಬಹುಮಟ್ಟಿಗೆ ಅವರೂ ವಿಕಲಚೇತನರೇ. ಕೃತಕ ಕಾಲು ಪಡೆದವರ ಮನೆಗೆ ಮೂರನೆಯ ತಿಂಗಳಲ್ಲೊಮ್ಮೆ, ಎಂಟನೆಯ ತಿಂಗಳಲ್ಲೊಮ್ಮೆ ಹೋಗಿ, ಕಾಲನ್ನು ತೊಟ್ಟಿದ್ದಾನೆಯೇ, ಮೂಲೆಯಲ್ಲಿ ಇಟ್ಟಿದ್ದಾನೆಯೇ, ಮೋಟು ಕೆಂಪಾಗಿದೆಯೇ ಎಂದು ನೋಡಿ ಬರೆದುಕೊಳ್ಳುವುದಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ. ಅಂಥ ಒಂದು ಪಟ್ಟಿಯನ್ನು ಉಪವಿಭಾಗಾಧಿಕಾರಿಗಳು ತರಿಸಿಕೊಂಡು ಓದಿದರೆ ವಿತರಣೆಯ ಪುಸ್ತಕಕ್ಕೂ ನಡಿಗೆಯ ಪುಸ್ತಕಕ್ಕೂ ಇರುವ ಅಂತರವು ತಾನೇ ಕಂಡುಬರುವುದು.

ಎರಡನೆಯದು ದೂರದ ಪ್ರಶ್ನೆ. ಶ್ರೀರಂಗಪಟ್ಟಣದವನಿಗೆ ಮೈಸೂರು ಕೈಗೆಟಕುವುದು. ನಾಗಮಂಗಲದವನಿಗೆ ಬೆಳ್ಳೂರಿನ ಬಳಿ ಬಿ.ಜಿ. ನಗರದ ವೈದ್ಯಕಾಲೇಜಿನ ಆಸ್ಪತ್ರೆಯುಂಟು. ಕೃಷ್ಣರಾಜಪೇಟೆಯ ಒಳಹಳ್ಳಿಯವನು ಮಂಡ್ಯದ ಜಿಲ್ಲಾಸ್ಪತ್ರೆಗೆ ಬರಬೇಕಾದರೆ ಎರಡು ಬಸ್ಸು ಬದಲಾಯಿಸಿ ಒಂದು ದಿನದ ಕೂಲಿಯನ್ನು ಬಿಡಬೇಕು. ವಿಕಲಚೇತನರಿಗೆ ಸಾರಿಗೆ ಸಂಸ್ಥೆಯ ರಿಯಾಯಿತಿ ಪಾಸು ಇದೆಯೆಂದು ಹೇಳುವುದು ಸುಲಭ. ಸಾಕೆಟ್ಟು ಕಚ್ಚುತ್ತಿರುವಾಗ ಬಸ್ಸಿನ ಮೊದಲ ಮೆಟ್ಟಿಲನ್ನು ಹತ್ತುವುದು ಸುಲಭವಲ್ಲ. ಸಾಕೆಟ್ಟನ್ನು ತಿದ್ದಿಸಿಕೊಳ್ಳಲು ಸಾಕೆಟ್ಟು ಸರಿಯಾಗಿರುವವನೇ ಹೋಗಬಲ್ಲನು! ಉಪವಿಭಾಗದ ಮುಖ್ಯಸ್ಥಳವಾದ ಪಾಂಡವಪುರದ ತಾಲೂಕು ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನವನ್ನು ಗೊತ್ತುಮಾಡಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತನಾದ ಕೃತಕಾಂಗ ತಂತ್ರಜ್ಞನೊಬ್ಬನನ್ನು ಕರೆಸಿ ಕೂರಿಸಿದರೆ, ಸರ್ಕಾರಕ್ಕೆ ತಗಲುವುದೆಷ್ಟು? ಒಂದು ಮೇಜು, ಪ್ಲಾಸ್ಟರಿನ ಪಟ್ಟಿ, ಪ್ಲಾಸ್ಟಿಕ್ಕನ್ನು ಬಿಸಿಮಾಡುವ ಬಿಸಿಗಾಳಿಯ ಯಂತ್ರ, ಅರ. ಒತ್ತುವ ಅಂಚನ್ನು ಬಿಸಿಮಾಡಿ ಹೊರಕ್ಕೆ ಮಗುಚುವುದು ಕೆಲವು ನಿಮಿಷಗಳ ಕೆಲಸ. ಹೊಸ ಸಾಕೆಟ್ಟೇ ಬೇಕಾದವನ ಮೋಟಿನ ಅಚ್ಚನ್ನು ಅಲ್ಲಿಯೇ ತೆಗೆದು ಕಳುಹಿಸಬಹುದು. ಮನುಷ್ಯನ ಬದಲು ಅಚ್ಚು ಪ್ರಯಾಣ ಮಾಡಲಿ. ಹಿಂದೆ ಎರಕದ ಕೆಲಸಕ್ಕೆ ಹೆಸರಾದ ನಾಗಮಂಗಲದಂಥ ಊರಿನಲ್ಲಿ ಅಚ್ಚು ತೆಗೆಯುವ ಮರ್ಮವನ್ನು ಕಲಿಯಬಲ್ಲ ತರುಣರಿಗೆ ಬರವಿರಲಾರದು. ಬೆಂಗಳೂರಿನಲ್ಲಿ ಈ ವಿದ್ಯೆಯನ್ನು ಕಲಿಸುವ ಸಂಸ್ಥೆಗಳುಂಟು. ತಾಲೂಕಿಗೊಬ್ಬ ತರುಣನಿಗೆ ವಿದ್ಯಾರ್ಥಿವೇತನ ಕೊಟ್ಟು ಕಳುಹಿಸುವುದು ನಮ್ಮ ಸಹಕಾರ ಸಂಘಗಳಿಗೂ ಮಠಗಳಿಗೂ ಮೀರಿದ ಕೆಲಸವಲ್ಲ.

ಮೂರನೆಯದು ಬಿಲ್ಲೇ. ಮೂರು ಪಂಕ್ತಿಗಳ, ಕನ್ನಡದಲ್ಲಿ ಅಚ್ಚಾದ ಒಂದು ನಮೂನೆಯನ್ನು ಜಿಲ್ಲೆಯ ವಿಕಲಚೇತನರ ಸಬಲೀಕರಣ ಇಲಾಖೆಯವರು ಗೊತ್ತುಮಾಡಿ, ಶಿಬಿರ ನಡೆಸುವ ಎಲ್ಲ ಸಂಸ್ಥೆಗಳೂ ಅದನ್ನೇ ತುಂಬಿ ಒಂದು ಪ್ರತಿಯನ್ನು ಕಾಲು ಪಡೆದವನ ಕೈಗೆ ಕೊಡಬೇಕೆಂದು ವಿಧಿಸಲಿ. ಉಚಿತವಾಗಿ ಕೊಟ್ಟುದಕ್ಕೆ ಬಿಲ್ಲೇಕೆಂದು ಕೆಲವರು ನಗಬಹುದು. ಉಚಿತವಾದುದಕ್ಕೇ ಬಿಲ್ಲು ಹೆಚ್ಚು ಅಗತ್ಯ. ಹಣ ಕೊಟ್ಟವನಿಗೆ ಕೇಳುವ ಬಾಯಿ ಇರುತ್ತದೆ, ಪುಕ್ಕಟೆ ಪಡೆದವನಿಗೆ ಇರುವುದು ಕಾಗದವೊಂದೇ. ಆ ಕಾಗದದಲ್ಲಿ ಸಾಕೆಟ್ಟಿನ ತಾರೀಖು ಬೇರೆಯಾಗಿ ಇದ್ದರೆ, 'ಅದೇ ಉದ್ದೇಶ' ಎಂಬ ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಡಿರೆಂದು ಜಿಲ್ಲಾಧಿಕಾರಿಗಳು ಬೆಂಗಳೂರಿಗೂ ದಿಲ್ಲಿಗೂ ಬರೆಯಲು ಆಧಾರವಾಗುವುದು. ಮಕ್ಕಳ ಕಾಲು ಬೆಳೆಯುವುದೆಂದು ಒಪ್ಪಿ ಅವರಿಗೆ ಒಂದು ವರ್ಷದ ರಿಯಾಯಿತಿ ಕೊಟ್ಟವರು, ದೊಡ್ಡವರ ಮೋಟು ಕರಗುವುದೆಂಬುದನ್ನು ಒಪ್ಪಲು ಹಿಂಜರಿಯಬೇಕಾದ ಕಾರಣವು ನಮಗೆ ಕಾಣದು. ಬಹುಶಃ ಯಾರೂ ಇದುವರೆಗೆ ಆಧಾರಸಹಿತವಾಗಿ ಕೇಳಿಲ್ಲ. ಮೊದಲ ಪತ್ರವು ಈ ಉಪವಿಭಾಗದಿಂದಲೇ ಹೊರಡಲಿ. ಅದರೊಂದಿಗೆ ಮೂಲೆಯಲ್ಲಿ ನಿಂತಿರುವ ಕಾಲುಗಳ ಪಟ್ಟಿಯನ್ನೂ ಲಗತ್ತಿಸಲಿ.